ಫೆಬ್ರವರಿಯಲ್ಲಿ ಬರದ ಮಕ್ಕಳು

ಚಿಕ್ಕಮಗಳೂರಿನಲ್ಲಿ ಹೈಸ್ಕೂಲು ಶಿಕ್ಷಕರು, ಪೋಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಕೊಯ್ಲಿನ ದಿನಗಳು ಇವು. ಕೆಲಸ ಬಿಟ್ಟು ಬಂದಿದ್ದೀರಿ. ಮೂಡಿಗೆರೆ, ಕೊಪ್ಪ ಕಡೆಯವರೂ ಇದ್ದೀರಿ, ಕಡೂರು, ತರೀಕೆರೆ ಕಡೆಯವರೂ ಇದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಜನವರಿ ಬಂತೆಂದರೆ ನಮ್ಮ ಹೈಸ್ಕೂಲುಗಳಲ್ಲಿ ಒಂದೇ ಮಾತು, ಎಸ್‌ಎಸ್‌ಎಲ್‌ಸಿ. ಪ್ರಿಪರೇಟರಿ ಎನ್ನುವ ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ, ಪಾಸಾಗುವಷ್ಟು ಓದಿಸುವ ಪಾಸಿಂಗ್ ಪ್ಯಾಕೇಜ್, ಕೆಲವು ಮಕ್ಕಳ ಹೊಣೆ ಹೊತ್ತ ದತ್ತು ಶಿಕ್ಷಕರು, ರಾತ್ರಿ ಫೋನ್. ಇಡೀ ಶಾಲೆ ಹತ್ತನೇ ಕ್ಲಾಸಿನ ಹಿಂದೆ ಓಡುತ್ತದೆ. ಇದರ ಮಧ್ಯೆ ಎಂಟು, ಒಂಬತ್ತನೇ ಕ್ಲಾಸಿನ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಅದನ್ನು ಯಾರೂ ಗಮನಿಸುವುದಿಲ್ಲ. ಗಮನಿಸಿದರೂ 'ಏನ್ ಮಾಡೋದು, ಕಾಫಿ ಟೈಮು' ಅಂತ ಸುಮ್ಮನಾಗುತ್ತೇವೆ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಒಂಬತ್ತನೇ ಕ್ಲಾಸಿನ ಫೆಬ್ರವರಿ ತಿಂಗಳ ಹಾಜರಿ ಪುಸ್ತಕ ತೆಗೆದು ನೋಡಿ. ಮುಂದಿನ ವರ್ಷ ಹತ್ತರಲ್ಲಿ ಯಾರು ಒದ್ದಾಡುತ್ತಾರೆ, ಯಾರು ಹತ್ತನೇ ಕ್ಲಾಸಿಗೆ ಬರುವುದೇ ಇಲ್ಲ ಎನ್ನುವುದು ಬಹುಮಟ್ಟಿಗೆ ಅಲ್ಲೇ ಕಾಣುತ್ತದೆ. ವರ್ಷದ ಕೊನೆಯ ಮೂರು ತಿಂಗಳು ಮಗು ಶಾಲೆಗೆ ಯಾಕೆ ಬರುತ್ತಿಲ್ಲ ಎಂದು ಕೇಳುವುದು ಓದಿನ ಕೆಲಸ ಮುಗಿದ ಮೇಲೆ ಮಾಡುವ ಕೆಲಸವಲ್ಲ. ಅದೇ ಮೊದಲ ಕೆಲಸ.

ನಮ್ಮ ಪಕ್ಕದ ಹಾಸನ ಜಿಲ್ಲೆ 2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂತು. ಆಗ ನಮಗೂ ಖುಷಿಯಾಯಿತು, ಮಲೆನಾಡು ಸೆರಗಿನ ಜಿಲ್ಲೆ ಅಲ್ವಾ. ಆ ಶಿಕ್ಷಕರು ಪಟ್ಟ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಜಿಲ್ಲಾವಾರು ಸ್ಥಾನ ಲೆಕ್ಕ ಹಾಕುವ ರೀತಿಯನ್ನೇ ಸ್ವಲ್ಪ ನೋಡಿ. ಪರೀಕ್ಷೆ ಬರೆದವರಲ್ಲಿ ಪಾಸಾದವರು ಎಷ್ಟು ಎನ್ನುವುದೇ ಶೇಕಡಾ. ಒಂಬತ್ತರಲ್ಲೇ ಶಾಲೆ ಬಿಟ್ಟ ಹುಡುಗ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅವನು ಫೇಲೂ ಅಲ್ಲ, ಪಾಸೂ ಅಲ್ಲ. ಪತ್ರಿಕೆಯಲ್ಲಿ ನಮ್ಮ ಜಿಲ್ಲೆ ಎಷ್ಟನೇ ಸ್ಥಾನ ಎಂದು ಓದುವಾಗ ಅವನ ನೆನಪು ಯಾರಿಗೂ ಬರುವುದಿಲ್ಲ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ.

ಈಗ ಶೇಕಡಾ 75ರ ವಿಷಯ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು ಎನ್ನುವುದು ನಿಮಗೆಲ್ಲ ಗೊತ್ತು. ವರ್ಷಕ್ಕೆ ಸುಮಾರು 220 ದಿನ ಶಾಲೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 165 ದಿನ ಬಂದರೆ ಸಾಕು. ಅಂದರೆ 55 ದಿನ ಬರದಿದ್ದರೂ ಪುಸ್ತಕದಲ್ಲಿ ಎಲ್ಲ ಸರಿ! ಎರಡು ತಿಂಗಳಿಗಿಂತ ಜಾಸ್ತಿ ಪಾಠ ತಪ್ಪಿದ ಮಗುವಿನ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ಹಾಗಾಗಿ 75ರ ಹತ್ತಿರ ಬಂದಾಗ ಎಚ್ಚರವಾದರೆ ಬಹಳ ತಡ. ಬೇರೆ ಎಷ್ಟೋ ಕಡೆ ಹತ್ತು ದಿನಕ್ಕೆ ಒಂದು ದಿನ ತಪ್ಪಿದರೇ ವಿಚಾರಿಸಲು ಶುರು ಮಾಡುತ್ತಾರೆ. ನಾವೂ ಅದನ್ನೇ ಹಿಡಿಯಬೇಕು ಎನ್ನುವುದು ನನ್ನ ಅಭಿಪ್ರಾಯ. ತಿಂಗಳಿಗೆ ಎರಡು, ಮೂರು ದಿನ ಗೈರು ಎಂದರೆ ಮನೆಗೊಂದು ಫೋನ್. ಬೈಯಲು ಅಲ್ಲ, ಕೇಳಲು.

ಕೇಳಿದರೆ ಏನು ಗೊತ್ತಾಗುತ್ತದೆ? ನಮ್ಮ ಜಿಲ್ಲೆಯ ಕ್ಯಾಲೆಂಡರನ್ನೇ ನೋಡಿ. ಡಿಸೆಂಬರಿನಿಂದ ಅರೇಬಿಕಾ ಕೊಯ್ಲು ಜೋರು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಅದರ ಹಿಂದೆಯೇ ಮೆಣಸು. ರೊಬಸ್ಟಾ ತೋಟದಲ್ಲಿ ಹೂವಿನ ನೀರಿಗೆ ಸ್ಪ್ರಿಂಕ್ಲರ್ ಪೈಪು ಎತ್ತಿ ಇಡುವ ಕೆಲಸವೂ ಇದೇ ಹೊತ್ತಿಗೆ. ಬಯಲುಸೀಮೆಯಲ್ಲಿ ರಾಗಿ ಒಕ್ಕಣೆ, ತೆಂಗಿನಕಾಯಿ ಕೆಡವುವುದು. ಪಕ್ಕದ ಆಲೂರು, ಬೇಲೂರು ಕಡೆ ಶುಂಠಿ ಕೀಳುವುದು. ಶಾಲೆಯ ವರ್ಷ ಮುಗಿಯುವ ಹೊತ್ತು, ಮನೆಯಲ್ಲಿ ದುಡಿಮೆಯ ಹೊತ್ತು, ಎರಡೂ ಒಟ್ಟಿಗೆ ಬಂದು ಕೂರುತ್ತವೆ. ಬೇರೆ ಜಿಲ್ಲೆಯವರು ಬರೆದ ಹಾಜರಿ ಸುಧಾರಣೆಯ ಸುತ್ತೋಲೆ ನಮಗೆ ಪೂರ್ತಿ ಹೊಂದುವುದಿಲ್ಲ.

ಒಂದು ಮನೆಯ ಮಾತು ಹೇಳುತ್ತೇನೆ. ಮೂಡಿಗೆರೆ ಕಡೆಯ ಒಂದು ತೋಟದ ಲೈನ್ ಮನೆ, ಅಂದರೆ ಕೂಲಿಯವರು ಇರುವ ಸಾಲು ಮನೆ. ಒಂಬತ್ತನೇ ಕ್ಲಾಸಿನ ಹುಡುಗ ಬಹಳ ದಿನದಿಂದ ಬಂದಿರಲಿಲ್ಲ. ಹಣ್ಣು ಕುಯ್ಯಲು ಹೋಗುತ್ತಿದ್ದಾನೆ ಎಂದು ಕ್ಲಾಸಿನ ಹುಡುಗರೆಲ್ಲ ಹೇಳಿದ್ದರು. ನಾನು ಹೋದಾಗ ಸಂಜೆ ಐದೂವರೆ ಇರಬೇಕು. ಅವನ ಅಮ್ಮ ಆಗತಾನೇ ತೂಕ ಮುಗಿಸಿ ಬಂದು ಹೊಸಿಲ ಮೇಲೆ ಕೂತು ಕಾಲಿನ ಜಿಗಣೆ ಕಡಿದ ಗಾಯಕ್ಕೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಬೆರಳೆಲ್ಲ ಕಪ್ಪು. ಹುಡುಗ ಒಳಗಿನಿಂದ ಬಂದ. ಸೊಂಟದ ಮೇಲೆ ಎರಡು ವರ್ಷದ ತಂಗಿ. ನನ್ನನ್ನು ನೋಡಿ ಮಗುವನ್ನು ಕೆಳಗಿಳಿಸಲು ನೋಡಿದ. ಅದು ಇಳಿಯಲಿಲ್ಲ, ಅವನ ಅಂಗಿಯ ಕಾಲರ್ ಹಿಡಿದುಕೊಂಡೇ ಇತ್ತು.

'ಇವ್ನು ತೋಟಕ್ಕೆ ಬರಲ್ಲ ಮೇಡಂ,' ಎಂದರು ಅಮ್ಮ. 'ಮಗೀನ ನೋಡ್ಕೊತಾನೆ. ನಾವಿಬ್ರೂ ಹೋದ್ರೆ ಕೆಜಿ ಜಾಸ್ತಿ ಆಗುತ್ತಲ್ವಾ. ಈ ಎರಡು ತಿಂಗ್ಳು ಕುಯ್ದ್ರೆ ಮಳೆಗಾಲ ದಾಟ್ತದೆ.'

ನೋಡಿ, ಕೊಯ್ಲಿನ ಕೂಲಿ ಕೆಜಿ ಲೆಕ್ಕ. ಹೆಂಗಸು ಒಬ್ಬಳು ಮನೆಯಲ್ಲಿ ಉಳಿದರೆ ಆ ದಿನದ ಅರ್ಧ ಸಂಪಾದನೆ ಹೋಯಿತು. ಈ ಮನೆಗೆ ಹೋಗಿ 'ವಿದ್ಯೆಯ ಮಹತ್ವ' ಎಂದು ಭಾಷಣ ಮಾಡಿದರೆ ಏನು ಪ್ರಯೋಜನ? ಆ ತಾಯಿಗೆ ವಿದ್ಯೆಯ ಮಹತ್ವ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಮಗುವನ್ನು ನೋಡಿಕೊಳ್ಳುವ ಒಂದು ಜೊತೆ ಕೈ. ಹೆಂಗಸರು ಹೆಚ್ಚಿರುವ ದೊಡ್ಡ ತೋಟಗಳಲ್ಲಿ ಶಿಶುಮನೆ ಇರಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ಇದು ಸಣ್ಣ ತೋಟ. ಅಂಗನವಾಡಿಗೆ ಹಾಕೋಣವೆಂದರೆ ಮಗುವಿಗೆ ಮೂರು ತುಂಬಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಈಗ ಕೂಸಿನ ಮನೆ ಬಂದಿವೆ. ಅವು ಮುಖ್ಯವಾಗಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ, ಆದರೂ ಹೋಗಿ ಕೇಳುವುದರಲ್ಲಿ ತಪ್ಪಿಲ್ಲ. ಕೊನೆಗೆ ಇಲ್ಲಿ ದಾರಿಯಾಗಿದ್ದು ಬೇರೆ ರೀತಿ. ತೋಟದ ಲೆಕ್ಕ ನೋಡುವ ರೈಟರ ಹತ್ತಿರ ಮಾತಾಡಿದೆವು. ಅದೇ ಲೈನಿನಲ್ಲಿ ವಯಸ್ಸಾದ ಒಬ್ಬ ಅಜ್ಜಿ ಇದ್ದರು, ಕೊಯ್ಲಿಗೆ ಹೋಗಲಾಗದವರು. ನಾಲ್ಕು ಮನೆಯ ಸಣ್ಣ ಮಕ್ಕಳನ್ನು ಅವರು ನೋಡಿಕೊಳ್ಳುವುದು, ನಾಲ್ಕು ಮನೆಯವರೂ ಸ್ವಲ್ಪ ಸ್ವಲ್ಪ ಕೊಡುವುದು ಎಂದಾಯಿತು. ಹುಡುಗ ಶಾಲೆಗೆ ಬಂದ. ದಿನಾ ಅಲ್ಲ. ಅಜ್ಜಿಗೆ ಹುಷಾರಿಲ್ಲದ ದಿನ ಬರುತ್ತಿರಲಿಲ್ಲ. ಕೆಲವು ದಿನ ಎರಡನೇ ಪೀರಿಯಡ್ಡಿಗೆ ಬರುತ್ತಿದ್ದ. ನಾವು ಗೇಟು ತೆಗೆದೆವು.

ಗೇಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸುವುದು, ಮನೆಗೆ ಕಳಿಸುವುದು ನಮ್ಮಲ್ಲಿ ಶಿಸ್ತು ಎನಿಸಿಕೊಂಡಿದೆ. ದಯವಿಟ್ಟು ಬಿಡಿ. ಬಸ್ಸು ತಪ್ಪಿ, ನಡೆದುಕೊಂಡು, ಬೆವರು ಸುರಿಸಿ ಬಂದ ಮಗು ಗೇಟಿನಿಂದ ವಾಪಸ್ ಹೋದರೆ ನಾಳೆ ಬಸ್ಸು ತಪ್ಪಿದಾಗ ನಡೆಯುವುದೇ ಇಲ್ಲ. ಮನೆಗೂ ಹೋಗುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲೋ ಕೆರೆ ಏರಿ ಮೇಲೋ ಕೂತು ಸಂಜೆ ಮನೆ ಸೇರುತ್ತದೆ.

ಬಸ್ಸಿನ ತೊಂದರೆ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಎಷ್ಟು ಊರಿನ ಮಕ್ಕಳು ಪರದಾಡಿದರು ಎಂದು ಆ ಕಡೆಯವರಿಗೆ ನೆನಪಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿತು, ಒಳ್ಳೆಯದಾಯಿತು. ಆದರೆ ಬಸ್ಸೇ ಹೋಗದ ಊರಿಗೆ ಉಚಿತ ಟಿಕೆಟ್ ಏನು ಮಾಡೀತು? ಇಂಥ ಕಡೆ ನಾವು ಬೆಳಿಗ್ಗೆ ಎಂಟಕ್ಕೆ ವಿಶೇಷ ತರಗತಿ, ಸಂಜೆ ಆರರವರೆಗೆ ಗುಂಪು ಅಧ್ಯಯನ ಎಂದು ವೇಳಾಪಟ್ಟಿ ಹಾಕುತ್ತೇವೆ. ಮಗು ಮನೆ ಬಿಡುವುದು ಕತ್ತಲಲ್ಲಿ, ಮನೆ ಸೇರುವುದೂ ಕತ್ತಲಲ್ಲಿ. ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ಕಡೆಯ ದಾರಿಗಳಲ್ಲಿ ಆನೆ ಇರುತ್ತದೆ. ಅರಣ್ಯ ಇಲಾಖೆಯವರು ಮೊಬೈಲಿಗೆ ಎಚ್ಚರಿಕೆ ಕಳಿಸುತ್ತಾರೆ, 'ಇಂಥ ತೋಟದಲ್ಲಿ ಗುಂಪು ಇದೆ, ಹುಷಾರು' ಅಂತ. ಆ ಮೆಸೇಜು ನೋಡಿದ ಅಪ್ಪ ಮಗಳನ್ನು ಮನೆಯಲ್ಲೇ ಇರಿಸಿಕೊಂಡರೆ ಅದು ಗೈರು ಅಲ್ಲ, ವಿವೇಕ. ಹಾಜರಿ ಪುಸ್ತಕದಲ್ಲಿ ಎರಡಕ್ಕೂ ಒಂದೇ ಗುರುತು ಬೀಳುತ್ತದೆ, ಅಷ್ಟೇ.

ಶಾಲೆಗಳಿಗೆ ನನ್ನ ವಿನಂತಿ: ವಿಶೇಷ ತರಗತಿಯ ಸಮಯ ಗೊತ್ತು ಮಾಡುವ ಮುಂಚೆ ಮಕ್ಕಳ ಬಸ್ಸಿನ ಸಮಯ ಬರೆದುಕೊಳ್ಳಿ. ದೂರದ ಮಕ್ಕಳಿಗೆ ಶಾಲೆಯ ಅವಧಿಯಲ್ಲೇ ಆಗುವಂತೆ ನೋಡಿ. ಬಸ್ಸಿನ ಸಮಯ ಅರ್ಧ ಗಂಟೆ ಆಚೆ ಈಚೆ ಮಾಡಿಸಬೇಕಿದ್ದರೆ ಎಸ್‌ಡಿಎಂಸಿಯವರು ಡಿಪೋ ಮ್ಯಾನೇಜರಿಗೆ ಪತ್ರ ಕೊಡಬಹುದು. ಮಕ್ಕಳ ಹೆಸರು, ಊರು, ಎಷ್ಟು ಜನ ಎನ್ನುವ ಪಟ್ಟಿ ಜೊತೆಗಿದ್ದರೆ ಪತ್ರಕ್ಕೆ ತೂಕ ಬರುತ್ತದೆ.

ಬೆಳಗಿನ ಜಾವ ಎದ್ದು ಓದಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಇಲ್ಲಿರುವ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ನಾಲ್ಕೂವರೆಗೆ ಮೇಷ್ಟ್ರು ಫೋನ್ ಮಾಡಿ ಎಬ್ಬಿಸುತ್ತಾರೆ, ಮಗು ಎದ್ದು ಕೂತ ಫೋಟೋ ಗುಂಪಿಗೆ ಹಾಕಬೇಕು. ಅದೇ ಮಗು ರಾತ್ರಿ ಹನ್ನೊಂದರವರೆಗೆ ಬರೆಯುತ್ತಿರುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುವುದು ವೈದ್ಯರು ಒಪ್ಪಿರುವ ಮಾತು. ಈ ವಯಸ್ಸಿನಲ್ಲಿ ನಿದ್ದೆ ಬರುವುದೇ ತಡ, ಅದು ಸೋಮಾರಿತನವಲ್ಲ, ದೇಹದ ಬೆಳವಣಿಗೆ. ಓದಿದ್ದು ತಲೆಯಲ್ಲಿ ನಿಲ್ಲುವುದೂ ನಿದ್ದೆಯಲ್ಲೇ. ಐದು ಗಂಟೆ ಮಲಗಿದ ಮಗು ಫೆಬ್ರವರಿ ಪೂರ್ತಿ ತಲೆನೋವು, ಹೊಟ್ಟೆನೋವು ಎಂದು ಮಲಗುತ್ತದೆ. ಅಲ್ಲಿಗೆ ಹಾಜರಿಯೂ ಹೋಯಿತು, ಓದೂ ಹೋಯಿತು. ಬೇಗ ಮಲಗಿ ಬೇಗ ಏಳುವ ಮಗು ಏಳಲಿ. ಎಲ್ಲರನ್ನೂ ಒಂದೇ ಹೊತ್ತಿಗೆ ಎಬ್ಬಿಸುವ ಕೆಲಸ ನಿಲ್ಲಿಸೋಣ.

ಹೊಟ್ಟೆನೋವು ಎಂದೆ. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ಬಹಳ ಚೆನ್ನಾಗಿ ಓದುವವಳು. ಊರಲ್ಲೆಲ್ಲ 'ಇವಳು ಔಟ್ ಆಫ್ ಔಟ್' ಎಂದೇ ಮಾತು. 625ಕ್ಕೆ 625 ತೆಗೆದವರ ಫೋಟೋ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದಲ್ಲ, ಅಲ್ಲಿ ಮುಂದಿನ ಸಲ ಇವಳದ್ದು ಅಂತ ಅವಳ ಮಾವ ಹೇಳುತ್ತಿದ್ದರು. ಮೊದಲ ಪ್ರಿಪರೇಟರಿ ಆದ ಮೇಲೆ ವಾರಕ್ಕೆರಡು ದಿನ ಹೊಟ್ಟೆನೋವು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದರು. ಏನೂ ಇಲ್ಲ. 'ನಾಟ್ಕ ಆಡ್ತಾಳೆ' ಎಂದು ಮನೆಯಲ್ಲಿ ಬೈಗುಳ. ಒಂದು ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಸ್ಟಾಫ್ ರೂಮಿನ ಹೊರಗೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಅವಳೇ ಹೇಳಿದಳು, 'ಮಿಸ್, ಪೇಪರ್ ಕೊಡುವಾಗ ನಂಬರ್ ಜೋರಾಗಿ ಓದ್ತಾರಲ್ಲ, ನನ್ನ ಹೆಸರು ಬರೋ ಹೊತ್ತಿಗೆ ಹೊಟ್ಟೆ ಹಿಂಡ್ತದೆ.' ಗಣಿತದಲ್ಲಿ 80ಕ್ಕೆ 71 ಬಂದಿತ್ತು. ಓದಿದಾಗ ಹಿಂದಿನ ಬೆಂಚಿನಿಂದ ಯಾರೋ 'ಹೋ' ಎಂದಿದ್ದರಂತೆ.

71 ಒಳ್ಳೆಯ ಅಂಕ. ಆದರೆ ಅವಳಿಗೆ ಅದು ಸೋಲು, ಯಾಕೆಂದರೆ ಸುತ್ತಲಿದ್ದವರು ಅವಳಿಗೆ 80ರ ಕೆಳಗೆ ಜಾಗವನ್ನೇ ಬಿಟ್ಟಿರಲಿಲ್ಲ. ಆ ಹೊಟ್ಟೆನೋವು ನಾಟಕವಲ್ಲ. ಹೆದರಿಕೆ ದೇಹದಲ್ಲೇ ನೋಯುತ್ತದೆ. ಸ್ಕ್ಯಾನಿಂಗಿನಲ್ಲಿ ಕಾಣದ ಮಾತ್ರಕ್ಕೆ ನೋವು ಇಲ್ಲ ಎಂದಲ್ಲ. ನಾವು ಅಂಕ ಜೋರಾಗಿ ಓದುವುದನ್ನು ನಿಲ್ಲಿಸಿದೆವು. ಪೇಪರನ್ನು ಮಡಚಿ ಕೈಗೆ ಕೊಡಲು ಶುರು ಮಾಡಿದೆವು. ಖರ್ಚಿಲ್ಲದ ಕೆಲಸ. ಅವಳ ಅಮ್ಮನಿಗೂ ಹೇಳಿದೆವು, ಮಾವನ ಎದುರು ಮಾರ್ಕ್ಸಿನ ಮಾತು ಪರೀಕ್ಷೆ ಮುಗಿಯುವವರೆಗೆ ಬೇಡ ಅಂತ. ಅವರು ಪಾಪ, 'ಅದು ಹೇಗೆ ಹೇಳೋದು ಮೇಡಂ ಅಣ್ಣನಿಗೆ' ಎಂದರು. ಆದರೂ ಹೇಳಿದರು.

ಶಾಲೆಗೆ ಹೋಗದ ದಿನ ಮಗುವಿಗೆ ಹೆದರಿಕೆ ಕಡಿಮೆಯಾಗುತ್ತದೆ. ಆ ನೆಮ್ಮದಿಯೇ ಮರುದಿನವೂ ಅದನ್ನು ಮನೆಯಲ್ಲಿ ಕೂರಿಸುತ್ತದೆ. ಎರಡು ದಿನ ತಪ್ಪಿದರೆ ನೋಟ್ಸು ಬಾಕಿ, ಮೂರು ದಿನ ತಪ್ಪಿದರೆ ಗೆಳೆಯರ ಪ್ರಶ್ನೆ, ಒಂದು ವಾರವಾದರೆ ಮೇಷ್ಟ್ರ ಮುಖ ನೋಡುವುದೇ ಕಷ್ಟ. ದಿನ ಕಳೆದಷ್ಟೂ ಸಾಲದ ಮೇಲೆ ಬಡ್ಡಿ ಏರಿದ ಹಾಗೆ. ಅದಕ್ಕೇ ಫೋನು ಅವತ್ತೇ ಹೋಗಬೇಕು ಎನ್ನುವುದು. ಒಂದು ವಾರದ ನಂತರ ಹೋಗುವ ನೋಟಿಸಿಗಿಂತ ಅವತ್ತು ಮಧ್ಯಾಹ್ನ ಹೋಗುವ ಒಂದು ನಿಮಿಷದ ಫೋನು ಎಷ್ಟೋ ಮೇಲು.

ವಾಪಸ್ ಬಂದ ದಿನ ನಮ್ಮ ಬಾಯಿಂದ ಬರುವ ಮೊದಲ ಮಾತು ಬಹಳ ಮುಖ್ಯ. 'ಓಹೋ, ಇವತ್ತು ಶಾಲೆ ದಾರಿ ನೆನಪಾಯ್ತಾ ಸಾಹೇಬ್ರಿಗೆ?' ಎನ್ನುತ್ತೇವೆ. ಕ್ಲಾಸೆಲ್ಲ ನಗುತ್ತದೆ. ನಮಗದು ಸಣ್ಣ ತಮಾಷೆ. ಧೈರ್ಯ ಮಾಡಿ ಬಂದ ಹುಡುಗನಿಗೆ ಇನ್ನು ಬರಬಾರದು ಎನ್ನಲು ಅಷ್ಟು ಸಾಕು. 'ಬಾರೋ, ಕೂತ್ಕೋ. ನೀನಿಲ್ಲದಾಗ ಈ ಪಾಠ ಆಯ್ತು, ಇವನ ಹತ್ರ ನೋಟ್ಸ್ ಇದೆ' ಎಂದರೆ ಆಯಿತು. ಯಾಕೆ ಬರಲಿಲ್ಲ ಎನ್ನುವುದನ್ನು ಊಟದ ಹೊತ್ತಿನಲ್ಲಿ, ಒಬ್ಬನೇ ಇದ್ದಾಗ ಕೇಳಿ. ಬಿಟ್ಟುಹೋದ ಬರವಣಿಗೆಯನ್ನೆಲ್ಲ ನಾಳೆಯೊಳಗೆ ಮುಗಿಸಿಕೊಂಡು ಬಾ ಎನ್ನಬೇಡಿ. ಬಹಳ ಮುಖ್ಯವಾದ ಎರಡು ಪಾಠ ಹಿಡಿಸಿ, ಉಳಿದದ್ದು ಬಿಡಿ.

ಇನ್ನೊಂದು ವಿಷಯ ನಾವು ಶಿಕ್ಷಕರು ಒಪ್ಪಿಕೊಳ್ಳಲೇಬೇಕು. ಮಕ್ಕಳು ಶಾಲೆಗೆ ಬರುವುದು ಗೆಳೆಯರಿಗಾಗಿ, ಪಿಟಿ ಪೀರಿಯಡ್ಡಿಗಾಗಿ, ಮಧ್ಯಾಹ್ನದ ಊಟ, ಮೊಟ್ಟೆಗಾಗಿ, ಸ್ಕೂಲ್ ಡೇ ಡ್ಯಾನ್ಸಿಗಾಗಿ. ಪಾಠ ಆ ಜೊತೆಗೆ ಒಳಗೆ ಹೋಗುತ್ತದೆ. ಜನವರಿ ಬಂದ ಕೂಡಲೇ ನಾವು ಕಿತ್ತುಕೊಳ್ಳುವುದು ಇವನ್ನೇ. ಪಿಟಿ ಹೋಗಿ ಗಣಿತ ಬಂತು. ಚಿತ್ರಕಲೆ ಹೋಗಿ ವಿಜ್ಞಾನ ಬಂತು. ಗ್ರಂಥಾಲಯದ ಬೀಗ ಏಪ್ರಿಲ್‌ವರೆಗೆ ತೆಗೆಯುವುದಿಲ್ಲ. ಎಂಟು, ಒಂಬತ್ತರ ಮಕ್ಕಳಿಗಂತೂ ಮೇಷ್ಟ್ರೇ ಸಿಗುವುದಿಲ್ಲ, ಎಲ್ಲರೂ ಹತ್ತರ ಪ್ರಿಪರೇಟರಿ ಪೇಪರ್ ತಿದ್ದುತ್ತಿರುತ್ತಾರೆ. 'ಸುಮ್ನೆ ಕೂತ್ಕೊಳ್ಳಿ, ಗಲಾಟೆ ಮಾಡ್ಬೇಡಿ' ಎಂದು ಹೇಳಿ ಹೋದರೆ ಒಂದು ಇಡೀ ಮಧ್ಯಾಹ್ನ ಹಾಗೇ ಕೂರಬೇಕು. ನಾನಾದರೂ ಬರುತ್ತಿರಲಿಲ್ಲ.

ಹತ್ತನೇ ಕ್ಲಾಸಿಗೂ ದಿನಕ್ಕೊಂದು ಪೀರಿಯಡ್ ಮೈದಾನ ಬಿಡಬೇಕು, ಪರೀಕ್ಷೆಯ ಹಿಂದಿನ ವಾರದವರೆಗೂ. ವಾಲಿಬಾಲ್ ನೆಟ್ ಕಟ್ಟಿರಲಿ. ಖೋಖೋ ಆಡಲಿ. ಆಡಿ ಬಂದ ಮಗು ಮುಂದಿನ ಪೀರಿಯಡ್ಡಿನಲ್ಲಿ ಹೇಗೆ ಕೂರುತ್ತದೆ ಎಂದು ಒಂದು ವಾರ ನೀವೇ ನೋಡಿ. ಒಂಬತ್ತರ ಮಕ್ಕಳಿಗೆ ಈ ತಿಂಗಳುಗಳಲ್ಲಿ ಕೈಯಿಂದ ಮಾಡುವ ಕೆಲಸ ಕೊಡಿ. ನಮ್ಮೂರ ಕೆರೆ, ನಮ್ಮೂರ ಬೆಳೆ, ಅಜ್ಜಿ ಹೇಳಿದ ಹಾಡು, ಏನಾದರೂ ಸಂಗ್ರಹಿಸಿ ಗೋಡೆಗೆ ಹಚ್ಚಲಿ. ಕೊಯ್ಲಿಗೆ ಹೋದ ಹುಡುಗನಿಗೆ ಕಾಫಿಯ ಬಗ್ಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ. ಪಲ್ಪಿಂಗ್ ಹೇಗೆ, ಕಣದಲ್ಲಿ ಎಷ್ಟು ದಿನ ಒಣಗಿಸಬೇಕು, ಪಾರ್ಚ್‌ಮೆಂಟ್ ಯಾವುದು, ಚೆರಿ ಯಾವುದು ಎಂದು ಅವನು ಕ್ಲಾಸಿಗೆ ಹೇಳಲಿ. ಆ ದಿನ ಅವನು ತಪ್ಪಿಸುವುದಿಲ್ಲ.

ಸಂಸಾರ ಸಮೇತ ಕೊಯ್ಲಿಗೆ ಬಂದವರ ಮಕ್ಕಳದ್ದು ಬೇರೆ ಕತೆ. ಊರಿನ ಶಾಲೆಯಲ್ಲಿ ಹೆಸರಿರುತ್ತದೆ, ಮಗು ಇಲ್ಲಿ ತೋಟದಲ್ಲಿರುತ್ತದೆ. ಎರಡೂ ಶಾಲೆಯ ಮುಖ್ಯ ಶಿಕ್ಷಕರು ಫೋನಿನಲ್ಲಿ ಮಾತಾಡಿಕೊಂಡರೆ ಆ ಎರಡು ತಿಂಗಳು ಮಗು ಇಲ್ಲಿನ ಶಾಲೆಯಲ್ಲಿ ಕೂರಬಹುದು, ಊಟ ಮಾಡಬಹುದು, ಪಾಠ ಕೇಳಬಹುದು. ತೋಟದ ಮಾಲೀಕರು ಯಾರಾದರೂ ಇಲ್ಲಿದ್ದರೆ ಕೇಳಿ: ನಿಮ್ಮ ಲೈನಿನಲ್ಲಿ ಶಾಲೆ ವಯಸ್ಸಿನ ಮಕ್ಕಳು ಎಷ್ಟಿದ್ದಾರೆ ಎಂದು ಹತ್ತಿರದ ಶಾಲೆಗೆ ಒಂದು ಮಾತು ತಿಳಿಸಿ. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವಂತಿಲ್ಲ ಎನ್ನುವುದು ಕಾನೂನು. ಮನೆಯವರ ಕೆಲಸಕ್ಕೆ ನೆರವಾಗುವುದಿದ್ದರೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ.

ಹೆಣ್ಣುಮಕ್ಕಳ ವಿಷಯದಲ್ಲಿ ಎರಡು ಮಾತು. ತಿಂಗಳ ದಿನಗಳಲ್ಲಿ ತಪ್ಪಿಸುವ ಹುಡುಗಿಯರು ಬಹಳ. ಶುಚಿ ಯೋಜನೆಯ ಪ್ಯಾಡ್ ಬೀರುವಿನಲ್ಲಿದ್ದರೆ ಸಾಲದು, ಬೀಗದ ಕೈ ಶಿಕ್ಷಕಿಯ ಹತ್ತಿರ ಇರಬೇಕು, ಶೌಚಾಲಯದಲ್ಲಿ ನೀರು ಬರಬೇಕು. ಬೇಸಿಗೆ ಹತ್ತಿರವಾದಾಗ ಹಾಜರಿಯಲ್ಲಿ ಇದ್ದಕ್ಕಿದ್ದಂತೆ ಕಾಣೆಯಾಗುವ ಹುಡುಗಿಯ ಮನೆಗೆ ತಪ್ಪದೆ ಹೋಗಿ. ಮದುವೆ ಮಾತುಕತೆ ನಡೆದಿರಬಹುದು. 18 ತುಂಬದ ಹುಡುಗಿಯ ಮದುವೆ ಅಪರಾಧ. 1098 ಮಕ್ಕಳ ಸಹಾಯವಾಣಿಗೆ ಯಾರು ಬೇಕಾದರೂ ಫೋನ್ ಮಾಡಬಹುದು.

ಈಗ ಹೇಳುವುದನ್ನು ಪೋಷಕರು ಸ್ವಲ್ಪ ಗಮನವಿಟ್ಟು ಕೇಳಿ. ಪರೀಕ್ಷೆಯ ಭಯ ಎಲ್ಲ ಮಕ್ಕಳಿಗೂ ಇರುತ್ತದೆ. ಅದು ಬಂದು ಹೋಗುತ್ತದೆ. ಆದರೆ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಸರಿಯಿಲ್ಲ, ಊಟ ಸೇರುತ್ತಿಲ್ಲ, ಗೆಳೆಯರನ್ನು ಬಿಟ್ಟಿದ್ದಾನೆ, ಇಷ್ಟಪಟ್ಟು ಮಾಡುತ್ತಿದ್ದುದನ್ನೆಲ್ಲ ಬಿಟ್ಟಿದ್ದಾನೆ ಎಂದಾದರೆ ಕಾಯಬೇಡಿ. 'ನಾನಿದ್ದು ಏನು ಪ್ರಯೋಜನ' ಎನ್ನುವಂಥ ಮಾತು ಬಂದರೆ ಅದನ್ನು ತಮಾಷೆ ಎಂದುಕೊಳ್ಳಬೇಡಿ, ಬೈಯಲೂ ಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ, 'ಸಾಯಬೇಕು ಅಂತ ಅನಿಸ್ತಿದ್ಯಾ ಮಗಾ?' ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಒಬ್ಬರು ಸಿಕ್ಕರಲ್ಲ ಎಂದು ಮನಸ್ಸು ಹಗುರಾಗುತ್ತದೆ. ಹೌದು ಎಂದರೆ ಆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮದು ತೋಟದ ಜಿಲ್ಲೆ. ಬಹುತೇಕ ಮನೆಗಳಲ್ಲಿ ಗಿಡಕ್ಕೆ ಹೊಡೆಯುವ ಔಷಧಿ, ಕಳೆನಾಶಕ ಇರುತ್ತದೆ. ಕೆಲವೆಡೆ ಅಡುಗೆಮನೆಯ ಅಟ್ಟದ ಮೇಲೇ ಇಟ್ಟಿರುತ್ತಾರೆ. ಇವತ್ತು ಮನೆಗೆ ಹೋದ ಕೂಡಲೇ ಅದನ್ನೆಲ್ಲ ಬೇರೆ ಕಡೆ ಇಟ್ಟು ಬೀಗ ಹಾಕಿ, ಕೀ ದೊಡ್ಡವರ ಹತ್ತಿರ ಇರಲಿ. ದುಡುಕಿನ ಗಳಿಗೆ ಬಹಳ ಸಣ್ಣದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಸಹಾಯ ಎಲ್ಲಿ ಸಿಗುತ್ತದೆ? 14416, ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ ಇದು, ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ದುಡ್ಡಿಲ್ಲ, ರಾತ್ರಿ ಹಗಲು ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬಹುದು, ಅಪ್ಪ ಅಮ್ಮ ಮಾಡಬಹುದು, ಶಿಕ್ಷಕರೂ ಮಾಡಬಹುದು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಾನಸಿಕ ವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. 14416 ಎನ್ನುವ ಸಂಖ್ಯೆಯನ್ನು ಪ್ರತಿ ಕ್ಲಾಸಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಮಕ್ಕಳಿಗೆ ಫೋನ್ ಇಲ್ಲದಿದ್ದರೆ ಆಫೀಸ್ ರೂಮಿನ ಫೋನ್ ಕೊಡಿ, ಕೊಟ್ಟು ಹೊರಗೆ ಬನ್ನಿ.

ಭಾಷಣ ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಬರೆಯುತ್ತಿದ್ದೇನೆ.

ತರೀಕೆರೆ ಕಡೆಯ ಶಿಕ್ಷಕರೊಬ್ಬರು ಕೇಳಿದ್ದು: 'ಮೇಡಂ, ನೀವು ಹೇಳೋದೆಲ್ಲ ಸರಿ. ಆದರೆ ಫಲಿತಾಂಶ ಕಡಿಮೆ ಬಂದ್ರೆ ನೋಟಿಸ್ ಬರೋದು ನಮಗೆ. ಮನೆ ಮನೆಗೆ ಹೋಗೋಕೆ ಟೈಮ್ ಎಲ್ಲಿದೆ?' ಅವರ ಸಂಕಟ ನಿಜ. ಶಿಕ್ಷಕರ ಮೇಲೆ ಇಷ್ಟು ಒತ್ತಡ ಹಾಕಿ ಅವರು ಮಕ್ಕಳ ಹತ್ತಿರ ಮೃದುವಾಗಿರಬೇಕು ಎಂದರೆ ಹೇಗೆ? ಎಲ್ಲ ಮನೆಗೂ ಒಬ್ಬರೇ ಹೋಗಲು ಆಗುವುದಿಲ್ಲ, ಹೋಗಲೂಬಾರದು. ಇಲ್ಲಿ ಎಸ್‌ಡಿಎಂಸಿಯವರು, ಅದೇ ಊರಿನ ಹಳೇ ವಿದ್ಯಾರ್ಥಿಗಳು, ಅಂಗನವಾಡಿ ಕಾರ್ಯಕರ್ತೆಯರು ಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು, ಆ ವಾರ ಬರದ ಮಕ್ಕಳ ಪಟ್ಟಿ ಓದಿ, ಇವನ ಮನೆ ನನಗೆ ಗೊತ್ತು, ಇವಳ ಮನೆ ನಿನಗೆ ಗೊತ್ತು ಎಂದು ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದೋ ಎರಡೋ ಮನೆ. ಪಟ್ಟಿ ಒಂಬತ್ತನೇ ಕ್ಲಾಸಿನಿಂದ ಶುರುವಾಗಲಿ. ಹತ್ತರ ಮಕ್ಕಳನ್ನು ಹೇಗೂ ಎಲ್ಲರೂ ನೋಡುತ್ತಿರುತ್ತಾರೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ತಂದೆ ಕೇಳಿದರು: 'ನಮ್ ಹುಡ್ಗ ಫೇಲ್ ಆಗ್ತಾನೆ ಅಂತ ಅವ್ನಿಗೇ ಗೊತ್ತು ಮೇಡಂ. ಅದ್ಕೇ ಶಾಲೆಗ್ ಹೋಗಲ್ಲ ಅಂತಾನೆ. ಏನ್ ಹೇಳೋದು?' ಅವರಿಗೆ ನಾನು ಹೇಳಿದ್ದು ಇದು. ಈಗ ವರ್ಷಕ್ಕೆ ಒಂದೇ ಪರೀಕ್ಷೆ ಅಲ್ಲ, ಅದೇ ವರ್ಷ ಇನ್ನೊಂದು ಅವಕಾಶ ಇದೆ ಎಂದು ಅವನಿಗೆ ಈಗಲೇ, ಪರೀಕ್ಷೆಯ ಮುಂಚೆಯೇ ಹೇಳಿ. ಪರೀಕ್ಷೆ 1ರಲ್ಲಿ ಯಾವುದಾದರೂ ವಿಷಯ ಹೋದರೆ ಆ ವಿಷಯವನ್ನಷ್ಟೇ ಪರೀಕ್ಷೆ 2ರಲ್ಲಿ ಬರೆಯಬಹುದು. ಅಂಕ ಕಡಿಮೆ ಬಂತು ಎನ್ನುವವರೂ ಬರೆಯಬಹುದು, ಜಾಸ್ತಿ ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು. ಅದೇ ವರ್ಷ ಪಿಯುಸಿಗೋ ಐಟಿಐಗೋ ಸೇರಲು ದಾರಿ ಇರುತ್ತದೆ. ಆದರೆ ಇದಕ್ಕೆಲ್ಲ ಮೊದಲು ಹಾಜರಿ ಬೇಕು, ಆದ್ದರಿಂದ ನಾಳೆ ಅವನನ್ನು ಕಳಿಸಿ. ಎಲ್ಲ ವಿಷಯ ಬೇಡ, ಅವನಿಗೆ ಬರುವ ಎರಡು ವಿಷಯದಿಂದ ಶುರು ಮಾಡಿಸಿ ಎಂದು ಅವನ ಮೇಷ್ಟ್ರಿಗೆ ನಾನು ಹೇಳುತ್ತೇನೆ. ಫಲಿತಾಂಶದ ದಿನ ಅವನನ್ನು ಒಂಟಿಯಾಗಿ ಮೊಬೈಲ್ ನೋಡಲು ಬಿಡಬೇಡಿ, ನೀವು ಅವತ್ತು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿರಿ. ಪರೀಕ್ಷೆ 2ರ ಅರ್ಜಿಗೆ ಬಹಳ ದಿನ ಇರುವುದಿಲ್ಲ, ಶಾಲೆಯ ಮೂಲಕವೇ ಹಾಕಬೇಕು. ಮರುದಿನ ಅವನ ಜೊತೆ ನೀವೂ ಬನ್ನಿ. ಬೇಸಿಗೆ ರಜೆಯಾದರೂ ಆಫೀಸು ತೆಗೆದಿರುತ್ತದೆ.